ತಾರಸಿಗೆ ಸೋಲಾರ್ ಏರುವ ಬಗೆ

ಮನೆಯ ಮೇಲೆ ಸೌರ ಉಪಕರಣ ಹಾಕಿಸಿಕೊಳ್ಳಲು ಕುಟುಂಬಗಳಿಗೆ ಮನಸ್ಸು ಬರುವುದು ಯಾವ ಕಾರಣದಿಂದ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಎರಡು. ಸರ್ಕಾರದ ಜಾಹೀರಾತುಗಳು ಹಣದ ಉಳಿತಾಯದ ಮಾತಾಡುತ್ತವೆ. ಶಾಲೆಯ ಪಠ್ಯಗಳು ಪರಿಸರದ ಮಾತಾಡುತ್ತವೆ. ಎರಡರಲ್ಲೂ ಸತ್ಯಾಂಶ ಇದೆಯಾದರೂ, ಕರ್ನಾಟಕದ ಮನೆಗಳು ಕಳೆದ ಮೂರು ದಶಕಗಳಲ್ಲಿ ಸೋಲಾರನ್ನು ಒಪ್ಪಿಕೊಂಡ ರೀತಿಯನ್ನು ಗಮನಿಸಿದರೆ ಈ ಎರಡು ಉತ್ತರಗಳಷ್ಟೇ ಸಾಲವು ಎಂಬುದು ತಿಳಿಯುತ್ತದೆ. ಇದೇ ರಾಜ್ಯದ ಜನ ಒಂದು ಕಾಲಕ್ಕೆ ಸೂರ್ಯನಿಂದ ದೀಪವನ್ನು ಕೊಂಡರು, ಇನ್ನೊಂದು ಕಾಲಕ್ಕೆ ಸ್ನಾನದ ಬಿಸಿನೀರನ್ನು ಕೊಂಡರು, ಈಗ ಕರೆಂಟ್ ಬಿಲ್ಲಿನ ಇಳಿಕೆಯನ್ನು ಕೊಳ್ಳುತ್ತಿದ್ದಾರೆ. ಕೊಂಡವರೂ ಬೇರೆ, ಕೊಂಡ ಕಾರಣವೂ ಬೇರೆ. ಸೌರಶಕ್ತಿಯನ್ನು ಸೌರಶಕ್ತಿಯೆಂಬ ಕಾರಣಕ್ಕೇ ಕೊಂಡವರು ಯಾವ ಕಾಲದಲ್ಲೂ ಬಲು ಕಡಿಮೆ.

ಮೊದಲು ಬಂದದ್ದು ದೀಪ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಘಟ್ಟ ಪ್ರದೇಶದಲ್ಲಿ ಅಡಕೆ ತೋಟದ ನಡುವೆ ಒಂದೊಂದೇ ಮನೆ ಇರುವುದು ವಾಡಿಕೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹಳ್ಳ ದಾಟಿ, ಗುಡ್ಡ ಹತ್ತಿಳಿದು ಹೋಗಬೇಕು. ಇಂಥ ಕಡೆ ಒಂದು ಮನೆಗಾಗಿ ಹತ್ತಾರು ಕಂಬ ನೆಡುವುದು ವಿದ್ಯುತ್ ಮಂಡಳಿಗೆ ಗಿಟ್ಟುವ ಬಾಬತ್ತಾಗಿರಲಿಲ್ಲ. ಕಂಬ ಬಂದ ಮನೆಗಳಲ್ಲೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆಯೇ ಗತಿಯಾಗಿತ್ತು. ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ, ಅದು ಮುಗಿದ ಮೇಲೆ ಹೆಚ್ಚಿನ ಬೆಲೆಗೆ ಹೊರಗಿನಿಂದ ತಂದ ಸೀಮೆಎಣ್ಣೆ, ಚಿಮಣಿಯ ಹೊಗೆ, ಗಾಳಿಗೆ ಆರುವ ಲಾಟೀನು, ಇವುಗಳ ಜಾಗಕ್ಕೆ ಬಂದದ್ದು 35ರಿಂದ 40 ವ್ಯಾಟಿನ ಒಂದು ಫಲಕ, ಒಂದು ಬ್ಯಾಟರಿ ಮತ್ತು ನಾಲ್ಕು ದೀಪಗಳ ಪುಟ್ಟ ವ್ಯವಸ್ಥೆ. ಹಗಲಿನ ಬಿಸಿಲಿನಲ್ಲಿ ಫಲಕ ತಯಾರಿಸಿದ ವಿದ್ಯುತ್ತನ್ನು ಬ್ಯಾಟರಿ ಹಿಡಿದಿಟ್ಟುಕೊಂಡು ಸಂಜೆಗೆ ಕೊಡುತ್ತಿತ್ತು. ನಾಲ್ಕು ದೀಪಗಳನ್ನು ಎಲ್ಲೆಲ್ಲಿ ಹಾಕಬೇಕು ಎಂಬ ಆಯ್ಕೆಯಲ್ಲೇ ಮನೆಯವರ ಪ್ರೇರಣೆ ಸ್ಪಷ್ಟವಾಗಿ ಕಾಣುತ್ತಿತ್ತು: ಒಂದು ಅಡುಗೆಮನೆಗೆ, ಒಂದು ಮಕ್ಕಳು ಓದುವಲ್ಲಿಗೆ, ಒಂದು ಜಗಲಿಗೆ, ಇನ್ನೊಂದು ಬೆಳಗಿನ ಜಾವ ಹಾಲು ಕರೆಯುವ ಕೊಟ್ಟಿಗೆಗೆ. ಯೂನಿಟ್ಟಿನ ಲೆಕ್ಕ ಹಾಕಿದರೆ ಈ ವಿದ್ಯುತ್ತು ಪೇಟೆಯ ವಿದ್ಯುತ್ತಿಗಿಂತ ಹಲವು ಪಟ್ಟು ದುಬಾರಿ. ಆದರೆ ಆ ಹೋಲಿಕೆಯನ್ನು ಮಾಡುವುದಕ್ಕೆ ಅಲ್ಲಿ ಪೇಟೆಯ ವಿದ್ಯುತ್ತೇ ಇರಲಿಲ್ಲವಾದ್ದರಿಂದ, ಜನ ಅದನ್ನು ತೂಗಿ ನೋಡಿದ್ದು ಸೀಮೆಎಣ್ಣೆಯ ಖರ್ಚಿನೊಂದಿಗೆ ಮತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ ಮಗುವಿನ ಕಣ್ಣಿನೊಂದಿಗೆ.

ಬೇಕೆಂಬ ಮನಸ್ಸು ಇದ್ದ ಮಾತ್ರಕ್ಕೆ ಯಾರೂ ಕೊಳ್ಳಲಾರರು. 1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಸೇರಿ ಆರಂಭಿಸಿದ ಸೆಲ್ಕೋ ಸಂಸ್ಥೆಯ ಹೆಸರು ಈ ಚರಿತ್ರೆಯಲ್ಲಿ ಮುಖ್ಯವಾಗುವುದು ಅದು ಮಾರಿದ ಫಲಕಗಳಿಗಿಂತ ಹೆಚ್ಚಾಗಿ ಸಾಲದ ವಿಷಯದಲ್ಲಿ ಅದು ಹಿಡಿದ ಹಟಕ್ಕಾಗಿ. ತಿಂಗಳಿಗೆ 300 ರೂಪಾಯಿ ಎಂದರೆ ಭಾರವೆನ್ನುವ ಬೀದಿ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಕಟ್ಟುವುದು ಸಲೀಸು ಎಂಬ ಸಂಗತಿಯನ್ನು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹಂದೆಯವರು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಮೊತ್ತ ಒಂದೇ ಆದರೂ ದಿನಗೂಲಿಯವನ ಕೈಗೆ ಹಣ ಬರುವ ಲಯಕ್ಕೆ ಕಂತು ಹೊಂದಿಕೊಳ್ಳಬೇಕು. ಅಡಕೆ ಬೆಳೆಗಾರನಿಗಾದರೆ ಕೊಯ್ಲಿನ ನಂತರದ ಕಂತೇ ಅನುಕೂಲ. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗಳು 1990ರ ದಶಕದಲ್ಲೇ ಸೋಲಾರ್ ದೀಪಕ್ಕೆ ಸಾಲ ಕೊಡಲು ಮುಂದಾದವು. ಟ್ರ್ಯಾಕ್ಟರಿಗೆ, ಎಮ್ಮೆಗೆ ಸಾಲ ಕೊಟ್ಟು ಅಭ್ಯಾಸವಿದ್ದ ಬ್ಯಾಂಕಿನ ಮ್ಯಾನೇಜರಿಗೆ, ಆದಾಯ ತರದ ದೀಪಕ್ಕೆ ಸಾಲ ಕೊಡುವುದು ಸುಲಭವಾಗಿ ಒಪ್ಪುವ ವಿಚಾರವಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್ ಹಾಗೂ ಸಿಂಡಿಕೇಟ್ ಬ್ಯಾಂಕ್‌ಗಳ ಜೊತೆಗೂಡಿ, ಸಾಲಗಾರನ ಬಡ್ಡಿಯ ಒಂದು ಭಾಗವನ್ನು ತಾನು ಭರಿಸುವ ಯೋಜನೆಯನ್ನು ಜಾರಿಗೆ ತಂದಿತು. ಕೆಲವೇ ವರ್ಷಗಳಲ್ಲಿ 16 ಸಾವಿರಕ್ಕೂ ಹೆಚ್ಚು ಮನೆಗಳು, ಬಹುಪಾಲು ಕರ್ನಾಟಕದವು, ಈ ಸಾಲ ಪಡೆದವು. ಬಡ್ಡಿಯ ರಿಯಾಯಿತಿಯನ್ನು ಹಂತಹಂತವಾಗಿ ತೆಗೆದ ಮೇಲೂ ಬ್ಯಾಂಕುಗಳು ಈ ಸಾಲ ಕೊಡುವುದನ್ನು ನಿಲ್ಲಿಸಲಿಲ್ಲ.

ಬೆಂಗಳೂರಿನ ಕಥೆ ಇದಕ್ಕಿಂತ ಬೇರೆ. ಅಲ್ಲಿ ಸೋಲಾರ್ ಎಂಬ ಪದ ಬಹುಕಾಲ ನೀರು ಕಾಯಿಸುವ ಉಪಕರಣಕ್ಕಷ್ಟೇ ಸಲ್ಲುತ್ತಿತ್ತು. ಈ ಉಪಕರಣ ವಿದ್ಯುತ್ತನ್ನು ತಯಾರಿಸುವುದೇ ಇಲ್ಲ. ಬಿಸಿಲಿಗೆ ಕಾದ ಕೊಳವೆಯ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ತಾನಾಗಿಯೇ ಕೆಳಗಿಳಿದು ಅದರ ಜಾಗಕ್ಕೆ ಬರುತ್ತದೆ, ಯಾವ ಪಂಪೂ ಇಲ್ಲದೆ ದಿನವಿಡೀ ನಡೆಯುವ ಈ ಸುತ್ತಾಟದಿಂದ ಸಂಜೆಯ ಹೊತ್ತಿಗೆ ತೊಟ್ಟಿ ತುಂಬ ಬಿಸಿನೀರಿರುತ್ತದೆ, ತೊಟ್ಟಿಯ ಸುತ್ತಲಿನ ಶಾಖ ನಿರೋಧಕ ಹೊದಿಕೆಯಿಂದಾಗಿ ಮರುದಿನ ಬೆಳಗಿನವರೆಗೂ ಆ ಬಿಸಿ ಉಳಿಯುತ್ತದೆ. ತಂಪು ಹವೆಯ, ವರ್ಷದ ಬಹುಪಾಲು ಬಿಸಿಲೂ ಇರುವ, ಪ್ರತಿದಿನ ಬಿಸಿನೀರಿನ ಸ್ನಾನವನ್ನು ಬಿಡದ ಊರಿಗೆ ಇದು ಹೇಳಿಮಾಡಿಸಿದಂತೆ ಒಗ್ಗಿತು. ಹೊಸ ವಸ್ತುಗಳು ಸಮಾಜದಲ್ಲಿ ಹರಡುವ ಬಗೆಯನ್ನು ಕುರಿತು 1962ರಲ್ಲಿ ಪ್ರಸಿದ್ಧ ಗ್ರಂಥವೊಂದನ್ನು ಬರೆದ ಅಮೆರಿಕದ ಸಮಾಜವಿಜ್ಞಾನಿ ಎವರೆಟ್ ರೋಜರ್ಸ್, ಅಂಥ ವಸ್ತು ಜನರ ಈಗಿರುವ ರೂಢಿಗೆ ಎಷ್ಟು ಹೊಂದಿಕೊಳ್ಳುತ್ತದೆ ಎಂಬುದನ್ನು ಮುಖ್ಯ ಗುಣವೆಂದು ಎಣಿಸಿದ್ದರು. ಬಚ್ಚಲ ಹಂಡೆಯ ಒಲೆಗೆ ಸೌದೆ ತುರುಕುವ ಕೆಲಸ ತಪ್ಪಿಸಿದ ಗೀಸರ್, ಗೀಸರಿನ ಬಿಲ್ ತಪ್ಪಿಸಿದ ಸೋಲಾರ್, ಹೀಗೆ ಒಂದರ ಹಿಂದೆ ಒಂದು ಬಂದರೂ ಸ್ನಾನದ ಪದ್ಧತಿ ಬದಲಾಗಲಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು ಬಂತು, ಅಷ್ಟೇ. ಯಾರೂ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ಇದರ ಜೊತೆಗೆ ಕಾನೂನಿನ ಒತ್ತಾಯವೂ ಸೇರಿತು. ನಗರಗಳಲ್ಲಿ ನಿಗದಿತ ಅಳತೆಗಿಂತ ದೊಡ್ಡದಾದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂದು ರಾಜ್ಯ ಸರ್ಕಾರ 2007ರಲ್ಲಿ ಆದೇಶಿಸಿತು. ಹೀಟರ್ ಇಲ್ಲದ ಹೊಸ ಮನೆಗೆ ವಿದ್ಯುತ್ ಸಂಪರ್ಕವೇ ಸಿಗದಂತಾಯಿತು. ಹಾಕಿಸಿದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಇತ್ತು. ಬೆಳಗಿನ ಹೊತ್ತಿನಲ್ಲಿ ಊರಿನ ಗೀಸರುಗಳೆಲ್ಲ ಒಟ್ಟಿಗೆ ಉರಿದು ಬೇಡಿಕೆ ಏರುವುದು ವಿದ್ಯುತ್ ಕಂಪನಿಗಳಿಗೆ ತಲೆನೋವಾಗಿದ್ದರಿಂದ ಈ ಉತ್ತೇಜನದಲ್ಲಿ ಅವುಗಳ ಸ್ವಾರ್ಥವೂ ಇತ್ತೆನ್ನಬೇಕು. ತಿಂಗಳಿಗೆ 50 ರೂಪಾಯಿಯ ಆಸೆಗೆ ಯಾರೂ ಸಾವಿರಾರು ರೂಪಾಯಿ ಖರ್ಚು ಮಾಡಲಾರರು. ಕಡ್ಡಾಯದ ನಿಯಮ ಯಶಸ್ವಿಯಾದದ್ದಕ್ಕೆ ಬೇರೊಂದು ಕಾರಣವಿದೆ. ಅದು ಮನೆ ಕಟ್ಟುವ ಹೊತ್ತಿಗೆ ಸರಿಯಾಗಿ ಬಂದು ಎದುರು ನಿಲ್ಲುತ್ತಿತ್ತು. ಲಕ್ಷಗಟ್ಟಲೆ ಹಣ ಹರಿಯುತ್ತಿರುವಾಗ, ಗೃಹಸಾಲ ಮಂಜೂರಾಗಿರುವಾಗ, ಪ್ಲಂಬರ್ ಮನೆಯಲ್ಲೇ ಇರುವಾಗ, ಗೋಡೆಯೊಳಗೆ ಪೈಪು ಇನ್ನೂ ಹುದುಗಿಸಬೇಕಾಗಿರುವಾಗ ಹೀಟರಿನ ಖರ್ಚು ದೊಡ್ಡದಾಗಿ ಕಾಣುವುದಿಲ್ಲ. ಗೃಹಪ್ರವೇಶವಾಗಿ ಹತ್ತು ವರ್ಷ ಕಳೆದ ಮನೆಯವರಿಗೆ ಅದೇ ಖರ್ಚು, ಗೋಡೆ ಒಡೆಸುವ ರಗಳೆಯೊಂದಿಗೆ, ಬೆಟ್ಟವಾಗಿ ಕಾಣುತ್ತದೆ. ಕುಟುಂಬಗಳ ಪ್ರೇರಣೆಯನ್ನು ಅಳೆಯುವವರು ಆದಾಯ, ವಿದ್ಯೆ, ಅಭಿಪ್ರಾಯ ಎಲ್ಲವನ್ನೂ ಕೇಳುತ್ತಾರೆ. ಮನೆ ಯಾವಾಗ ಕಟ್ಟಿದ್ದು, ಯಾವಾಗ ರಿಪೇರಿ ಮಾಡಿಸಿದ್ದು ಎಂಬುದನ್ನು ಕೇಳಿದರೆ ಬಹುಶಃ ಇನ್ನೂ ಹೆಚ್ಚು ತಿಳಿದೀತು.

ವಿದ್ಯುತ್ತನ್ನೇ ತಯಾರಿಸಿ ಜಾಲಕ್ಕೆ ಸೇರಿಸುವ ತಾರಸಿ ಫಲಕಗಳ ಕಾಲ ಕರ್ನಾಟಕದಲ್ಲಿ ಬಂದದ್ದು ಕಳೆದ ದಶಕದಲ್ಲಿ. ಇಲ್ಲಿ ಕೆಲವು ಪದಗಳನ್ನು ಬಿಡಿಸಿ ಹೇಳುವುದು ಅಗತ್ಯ. ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ಓಡಿದರೆ ಖರ್ಚಾಗುವುದು ಒಂದು ಯೂನಿಟ್. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಫಲಕಗಳು ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಡುತ್ತವೆ ಮತ್ತು ರಾಜ್ಯದ ಬಿಸಿಲಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತವೆ. ಹಗಲು ಮನೆಯಲ್ಲಿ ಬಳಸಿ ಮಿಕ್ಕ ವಿದ್ಯುತ್ತು ಹೊರಗಿನ ತಂತಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ತಂತಿಯಿಂದ ಬರುತ್ತದೆ. ಎರಡೂ ದಿಕ್ಕಿನ ಹರಿವನ್ನು ಅಳೆಯುವ ಮೀಟರ್ ಇಟ್ಟು, ತೆಗೆದುಕೊಂಡದ್ದರಿಂದ ಕೊಟ್ಟದ್ದನ್ನು ಕಳೆದು ಬಿಲ್ ಮಾಡುವ ಪದ್ಧತಿಗೆ ನೆಟ್ ಮೀಟರಿಂಗ್ ಎನ್ನುತ್ತಾರೆ.

ಈ ಪದ್ಧತಿ ಮೊದಲು ಬಂದಾಗ ಮನೆಯವರ ಲೆಕ್ಕಾಚಾರ ಉಳಿತಾಯದ್ದಾಗಿರದೆ ಸಂಪಾದನೆಯದಾಗಿತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರ್‌ನಲ್ಲಿ, ತಾರಸಿಯಿಂದ ಜಾಲಕ್ಕೆ ಬರುವ ಪ್ರತಿ ಯೂನಿಟ್ಟಿಗೆ ಸಬ್ಸಿಡಿ ಪಡೆಯದವರಿಗೆ 9 ರೂಪಾಯಿ 56 ಪೈಸೆ, ಪಡೆದವರಿಗೆ 7 ರೂಪಾಯಿ 20 ಪೈಸೆ ನಿಗದಿ ಮಾಡಿತು. ಮನೆಗಳು ಕೊಳ್ಳುವ ವಿದ್ಯುತ್ತಿಗಿಂತ ಮಾರುವ ವಿದ್ಯುತ್ತಿಗೇ ಬೆಲೆ ಹೆಚ್ಚಾದಾಗ, ತಾರಸಿಯನ್ನು ಮನೆಯ ಅಗತ್ಯಕ್ಕಿಂತ ದೊಡ್ಡದಾಗಿ ತುಂಬುವ ಆಸೆ ಹುಟ್ಟುವುದು ಸಹಜ. 2016ರಲ್ಲಿ ಆಯೋಗ ದರಗಳನ್ನು ಇಳಿಸಿತು, ಫಲಕಗಳ ಬೆಲೆಯೂ ವರ್ಷ ವರ್ಷಕ್ಕೆ ಇಳಿಯುತ್ತ ಬಂತು, ತಾರಸಿಯನ್ನು ನಿಶ್ಚಿತ ಠೇವಣಿಯಂತೆ ಕಾಣುವ ಹುಮ್ಮಸ್ಸು ತಣ್ಣಗಾಯಿತು. ಪ್ರೇರಣೆ ಎಂಬುದು ಮನುಷ್ಯರ ಒಳಗೆ ಸ್ಥಿರವಾಗಿ ಕೂತಿರುವ ಗುಣವೇನಲ್ಲ, ದರದ ಆದೇಶವೊಂದು ಅದನ್ನು ಹುಟ್ಟಿಸಬಲ್ಲದು, ಇನ್ನೊಂದು ಆದೇಶ ಆರಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗಿನ ಉತ್ತೇಜನ 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಜಾರಿಗೊಳಿಸಿದ ಪಿಎಂ ಸೂರ್ಯಘರ್ ಯೋಜನೆಯದು. ಒಂದು ಕೋಟಿ ಮನೆಗಳ ಗುರಿಯಿಟ್ಟುಕೊಂಡ ಈ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ ಒಂದು ಮನೆಗೆ ಗರಿಷ್ಠ 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ಅದೇ ತಿಂಗಳು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, 10 ಕಿಲೋವ್ಯಾಟ್‌ವರೆಗಿನ ತಾರಸಿ ವ್ಯವಸ್ಥೆಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲವೆಂದು ಹೇಳಲಾಯಿತು. ಕಾಗದಪತ್ರದ ಓಡಾಟ ತಗ್ಗಿದ್ದು ಸಹಾಯಧನದಷ್ಟೇ ದೊಡ್ಡ ಅನುಕೂಲ, ಏಕೆಂದರೆ ಕಚೇರಿಯ ಬಾಗಿಲಿಗೆ ಅಲೆಯಬೇಕಾದೀತೆಂಬ ಅಂಜಿಕೆಯೇ ಎಷ್ಟೋ ಮಂದಿಯನ್ನು ಮೊದಲ ಅರ್ಜಿಗೂ ಮುಂಚೆ ಹಿಂದಕ್ಕೆ ಕಳುಹಿಸುತ್ತದೆ.

ಲೆಕ್ಕ ಹೀಗಿದೆ. ಮೂರು ಕಿಲೋವ್ಯಾಟ್‌ನ ವ್ಯವಸ್ಥೆಗೆ ಎರಡು ಲಕ್ಷ ರೂಪಾಯಿ ತಗಲುತ್ತದೆಂದು ಹಿಡಿದರೆ, ಸಹಾಯಧನ ಕಳೆದು ಮನೆಯವರ ಕೈಯಿಂದ ಹೋಗುವುದು 1,22,000 ರೂಪಾಯಿ. ಅದು ತಿಂಗಳಿಗೆ 360 ಯೂನಿಟ್ ಕೊಟ್ಟು, ಅಷ್ಟೂ ಆ ಮನೆಯಲ್ಲೇ ಬಳಕೆಯಾದರೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದ 5 ರೂಪಾಯಿ 90 ಪೈಸೆಯ ದರದಲ್ಲಿ ತಿಂಗಳಿಗೆ 2,100 ರೂಪಾಯಿಯಷ್ಟು, ವರ್ಷಕ್ಕೆ 25,000 ರೂಪಾಯಿಯಷ್ಟು ಉಳಿಯುತ್ತದೆ. ಹಾಕಿದ ಹಣ ಐದು ವರ್ಷದೊಳಗೆ ಮರಳುತ್ತದೆ. ಫಲಕಗಳ ಆಯುಷ್ಯ 25 ವರ್ಷವೆಂದು ತಯಾರಕರು ಖಾತರಿ ಕೊಡುತ್ತಾರಾದ್ದರಿಂದ ನಂತರದ್ದೆಲ್ಲ, ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚನ್ನು ಬಿಟ್ಟರೆ, ಲಾಭವೇ. ಮನೆ ತಿಂಗಳಿಗೆ 250 ಯೂನಿಟ್ ಮಾತ್ರ ಬಳಸುವುದಾದರೆ ಮಿಕ್ಕದ್ದಕ್ಕೆ ಸಿಗುವ ದರ ಕಡಿಮೆಯಾದ ಕಾರಣ ಈ ಅವಧಿ ಉದ್ದವಾಗುತ್ತದೆ. ಬಿಲ್ ಪೂರ್ತಿ ಸೊನ್ನೆಯಾಗುತ್ತದೆಂಬ ಮಾರಾಟಗಾರರ ಮಾತೂ ಅಕ್ಷರಶಃ ನಿಜವಲ್ಲ, ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಯೂನಿಟ್ ಸೊನ್ನೆಯಾದರೂ ಉಳಿದೇ ಉಳಿಯುತ್ತದೆ.

ಐದು ವರ್ಷದಲ್ಲಿ ಮರಳುವ ಹೂಡಿಕೆಯೆಂದರೆ ವರ್ಷಕ್ಕೆ ಶೇಕಡ 20ರಷ್ಟು ಆದಾಯ. ಯಾವ ಬ್ಯಾಂಕೂ ಠೇವಣಿಗೆ ಇಷ್ಟು ಕೊಡುವುದಿಲ್ಲ. ಹಾಗಿದ್ದೂ ಜನ ಮುಗಿಬೀಳದಿರುವುದು ಏಕೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜೆರ್ರಿ ಹೌಸ್‌ಮನ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ಈ ಒಗಟಿನ ಹಳೆಯ ರೂಪವೊಂದನ್ನು ಬಿಡಿಸಿತ್ತು. ಬೆಲೆ ಹೆಚ್ಚಾದರೂ ಕಡಿಮೆ ವಿದ್ಯುತ್ ಬಳಸುವ ಏರ್ ಕಂಡಿಷನರ್ ಕೊಳ್ಳಬೇಕೋ, ಅಗ್ಗದ್ದನ್ನು ಕೊಂಡು ಹೆಚ್ಚು ಬಿಲ್ ಕಟ್ಟಬೇಕೋ ಎಂಬ ಆಯ್ಕೆಯನ್ನು ಪರಿಶೀಲಿಸಿದ ಅವರು, ಮುಂದೆ ಬರುವ ಉಳಿತಾಯವನ್ನು ಮನೆಗಳು ವರ್ಷಕ್ಕೆ ಶೇಕಡ 20ರ ಆಸುಪಾಸಿನ ದರದಲ್ಲಿ ತಗ್ಗಿಸಿ ನೋಡುತ್ತವೆ ಎಂದು ಕಂಡುಕೊಂಡರು. ಎಂದರೆ ಮುಂದಿನ ವರ್ಷ ಕೈಸೇರುವ 120 ರೂಪಾಯಿ ಈ ಹೊತ್ತಿನ 100 ರೂಪಾಯಿಗೆ ಸಮ. ಇದನ್ನು ಅವಿವೇಕವೆಂದು ಕರೆಯುವುದು ಸರಿಯಲ್ಲ. ಮಗಳ ಮದುವೆ, ಮಗನ ಕಾಲೇಜು ಫೀಜು, ಆಸ್ಪತ್ರೆಯ ಖರ್ಚು, ಇವುಗಳಿಗಾಗಿ ತೆಗೆದಿಟ್ಟ ಒಂದು ಲಕ್ಷ ರೂಪಾಯಿಗೆ ಮನೆಯಲ್ಲಿ ಇರುವ ಬೆಲೆ ಬ್ಯಾಂಕಿನ ಬಡ್ಡಿದರದಿಂದ ತೀರ್ಮಾನವಾಗುವುದಿಲ್ಲ. ಚಿನ್ನವನ್ನು ಅಡವಿಟ್ಟರೆ ಸಂಜೆಯೊಳಗೆ ಹಣ ಸಿಗುತ್ತದೆ, ತಾರಸಿಯ ಫಲಕವನ್ನು ಯಾರೂ ಅಡವು ಇಟ್ಟುಕೊಳ್ಳುವುದಿಲ್ಲ.

ಕರ್ನಾಟಕದಲ್ಲಿ ಈ ಲೆಕ್ಕವನ್ನು ಇನ್ನಷ್ಟು ಬದಲಿಸಿದ್ದು 2023ರ ಜುಲೈ ತಿಂಗಳ ಬಳಕೆಯಿಂದ ಅನ್ವಯವಾದ ಗೃಹಜ್ಯೋತಿ ಯೋಜನೆ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ, ಗೃಹಬಳಕೆಯ ವಿದ್ಯುತ್ತನ್ನು ಉಚಿತವಾಗಿ ಕೊಡುವ ಈ ಯೋಜನೆಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ರಾಜ್ಯದ ಬಹುಪಾಲು ಮನೆಗಳ ಬಳಕೆ ಈ ಮಿತಿಯ ಒಳಗೇ ಇದೆ. ಬಿಲ್ ಇಲ್ಲದ ಮನೆಗೆ ಬಿಲ್ ಇಳಿಸುವ ಯಂತ್ರ ಏಕೆ ಬೇಕು? ಕೆಳಗಿನ ಮತ್ತು ಮೇಲಿನ ಅಂತಸ್ತಿಗೆ ಬೇರೆ ಬೇರೆ ಮೀಟರ್ ಇದ್ದು ಎರಡೂ 200ರೊಳಗಿದ್ದರೆ ಇಡೀ ಕಟ್ಟಡಕ್ಕೆ ಬಿಲ್ ಬಾರದು. ಅದೇ ಅವಿಭಕ್ತ ಕುಟುಂಬ ಒಂದೇ ಮೀಟರಿನಲ್ಲಿ 350 ಯೂನಿಟ್ ಬಳಸಿದರೆ ಪೂರ್ತಿ ಹಣ ತೆರಬೇಕು. ಹೀಗಾಗಿ ಸೋಲಾರಿನ ಕಡೆ ತಿರುಗುವವರು ಈ ಮಿತಿಯ ಆಚೆಗಿನ, ಎಸಿ ಅಥವಾ ವಿದ್ಯುತ್ ವಾಹನ ಕೊಂಡ, ಸ್ವಂತ ತಾರಸಿಯುಳ್ಳ ಅನುಕೂಲಸ್ಥರೇ ಆಗಿರುತ್ತಾರೆ. ಅವರ ಪ್ರೇರಣೆಯೂ ಒಂದಿಷ್ಟು ತಗ್ಗಿದೆ: 2023–24ರಲ್ಲಿ ತಿಂಗಳಿಗೆ 100 ಯೂನಿಟ್ ದಾಟಿದವರಿಗೆ ಯೂನಿಟ್ಟಿಗೆ 7 ರೂಪಾಯಿ ಇತ್ತು, ಮರುವರ್ಷ ಸ್ಲ್ಯಾಬ್ ಪದ್ಧತಿಯನ್ನು ತೆಗೆದು ಎಲ್ಲರಿಗೂ 5 ರೂಪಾಯಿ 90 ಪೈಸೆ ಮಾಡಿದಾಗ ಹೆಚ್ಚು ಬಳಸುವ ಮನೆಗೆ ಪ್ರತಿ ಸೌರ ಯೂನಿಟ್ಟಿನ ಬೆಲೆ 1 ರೂಪಾಯಿ 10 ಪೈಸೆ ಕುಸಿಯಿತು. ಬಡವರ ಬಿಲ್ ಮನ್ನಾ ಮಾಡುವುದು ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಉಚಿತ ವಿದ್ಯುತ್ ಮತ್ತು ತಾರಸಿ ಸೋಲಾರ್ ಒಂದೇ ಮನೆಯಲ್ಲಿ ಒಟ್ಟಿಗೆ ಬೆಳೆಯಲಾರವು ಎಂಬುದರಲ್ಲಿ ಮಾತ್ರ ಚರ್ಚೆಗೆ ಅವಕಾಶವಿಲ್ಲ. ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಕಟ್ಟಿ ದೇಶದ ಗಮನ ಸೆಳೆದ ರಾಜ್ಯ, ಮನೆಯ ತಾರಸಿಯ ಲೆಕ್ಕದಲ್ಲಿ ಗುಜರಾತಿಗಿಂತ ಬಹಳ ಹಿಂದೆ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹಣದ ಮಾತು ಬಿಟ್ಟರೆ ಜನರ ಬಾಯಲ್ಲಿ ಹೆಚ್ಚು ಕೇಳಿಬರುವ ಕಾರಣ ಕರೆಂಟ್ ಹೋಗುವುದು. ಸ್ವಂತ ಫಲಕವಿದ್ದರೆ ಊರಿಗೆಲ್ಲ ಕರೆಂಟ್ ಹೋದರೂ ತಮ್ಮ ಮನೆಯಲ್ಲಿ ಫ್ಯಾನ್ ತಿರುಗುತ್ತದೆಂಬ ನಂಬಿಕೆಯಿಂದ ಹಾಕಿಸಿಕೊಂಡವರಿಗೆ ಒಂದು ನಿರಾಶೆ ಕಾದಿರುತ್ತದೆ. ಸಹಾಯಧನದ ಅಡಿ ಬರುವ ಸಾಮಾನ್ಯ ವ್ಯವಸ್ಥೆಯಲ್ಲಿ ಬ್ಯಾಟರಿ ಇರುವುದಿಲ್ಲ. ಫಲಕದ ನೇರ ವಿದ್ಯುತ್ತನ್ನು ಮನೆಗೆ ಬೇಕಾದ ರೂಪಕ್ಕೆ ತರುವ ಇನ್ವರ್ಟರ್, ಹೊರಗಿನ ತಂತಿಯಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ, ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಯಾವುದೋ ಮನೆಯ ತಾರಸಿಯಿಂದ ಬಂದ ವಿದ್ಯುತ್ ತಗುಲೀತು. ಆದ್ದರಿಂದ ನಡುಮಧ್ಯಾಹ್ನದ ಸುಡುಬಿಸಿಲಿನಲ್ಲಿ, ತಲೆಯ ಮೇಲೆ ಮೂರು ಕಿಲೋವ್ಯಾಟ್ ಇದ್ದೂ, ಮನೆ ಹಳೆಯ ಯುಪಿಎಸ್ಸಿನ ಬ್ಯಾಟರಿಯ ಮೇಲೆಯೇ ನಡೆಯುತ್ತದೆ. ಬ್ಯಾಟರಿಯನ್ನೂ ಜಾಲವನ್ನೂ ಕೂಡಿಸುವ ಹೈಬ್ರಿಡ್ ಇನ್ವರ್ಟರುಗಳು ಪೇಟೆಯಲ್ಲಿವೆ, ಆದರೆ ಅವು ಖರ್ಚನ್ನು ಬಹಳಷ್ಟು ಏರಿಸಿ ಐದು ವರ್ಷದ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ. ಮಲೆನಾಡಿನ ಹಳೆಯ ನಾಲ್ಕು ದೀಪದ ವ್ಯವಸ್ಥೆ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು: ಕತ್ತಲೆಗೆ ಪರಿಹಾರವೆಂದು ಮಾರಿದ್ದು, ಕತ್ತಲೆಯಲ್ಲಿ ಉರಿಯಿತು. ಹಾಗಾಗಿಯೇ ಕರೆಂಟ್ ಬಂದ ಮೇಲೂ ಅನೇಕ ಮನೆಗಳು ಅದನ್ನು ಕಿತ್ತುಹಾಕಲಿಲ್ಲ.

ಮಾರುವವರು ಹೇಳದ ಇಂಥ ಸಂಗತಿಗಳನ್ನು ಹೇಳುವುದು ಪಕ್ಕದ ಮನೆಯವರು. ಕ್ಯಾಲಿಫೋರ್ನಿಯಾದ ಸೌರಫಲಕಗಳ ಹರಡುವಿಕೆಯನ್ನು ಪರಿಶೀಲಿಸಿ ಬ್ರಯನ್ ಬೋಲಿಂಜರ್ ಮತ್ತು ಕೆನೆತ್ ಗಿಲ್ಲಿಂಗ್‌ಹ್ಯಾಮ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಅಂಚೆ ವಲಯದಲ್ಲಿ ಒಂದು ಮನೆ ಹೊಸದಾಗಿ ಫಲಕ ಹಾಕಿಸಿದರೆ ಅದೇ ವಲಯದಲ್ಲಿ ಇನ್ನೊಂದು ಮನೆ ಹಾಕಿಸುವ ಸಂಭವ ಶೇಕಡ 0.78 ಅಂಶದಷ್ಟು ಏರುತ್ತದೆ. ಸಂಖ್ಯೆ ಸಣ್ಣದಾಗಿ ಕಂಡರೂ, ಪ್ರತಿ ಹೊಸ ಮನೆಯೂ ಇದೇ ಪ್ರಭಾವವನ್ನು ಮುಂದಕ್ಕೆ ದಾಟಿಸುವುದರಿಂದ ಬೀದಿ ಬೀದಿಯಲ್ಲಿ ಗುಂಪು ಗುಂಪಾಗಿ ಫಲಕಗಳು ಏಳುತ್ತವೆ. ಕನೆಕ್ಟಿಕಟ್ ರಾಜ್ಯದ ಪಟ್ಟಣಗಳಲ್ಲಿ ಗಾರ್ಡನ್ ಕ್ರಾಫ್ಟ್-ಟಾಡ್ ಮತ್ತು ಸಂಗಡಿಗರು ನಡೆಸಿ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಹೆಚ್ಚು ಸ್ವಾರಸ್ಯಕರ: ಸೋಲಾರ್ ಹಾಕಿಸಿರೆಂದು ಊರವರಿಗೆ ಹೇಳಲು ನೇಮಕವಾದ ಸ್ವಯಂಸೇವಕರಲ್ಲಿ, ತಮ್ಮ ಮನೆಗೆ ಮೊದಲು ಹಾಕಿಸಿಕೊಂಡವರು ಉಳಿದವರಿಗಿಂತ ಶೇಕಡ 60ಕ್ಕೂ ಹೆಚ್ಚು ಮಂದಿಯನ್ನು ಒಪ್ಪಿಸಿದ್ದರು. ಆಡುವವನಿಗಿಂತ ಮಾಡಿದವನ ಮಾತಿಗೆ ತೂಕ ಹೆಚ್ಚೆಂಬುದು ಯಾವ ಹಳ್ಳಿಯ ಕಟ್ಟೆಯಲ್ಲೂ ತಿಳಿದ ವಿಚಾರವೇ ಆದರೂ, ಅಂಕಿಗಳಲ್ಲಿ ಅದು ಇಷ್ಟು ಸ್ಪಷ್ಟವಾಗಿ ಕಾಣಿಸುವುದು ಅಪರೂಪ. ಬಿಲ್ಲಿನ ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ. ಆದರೆ ಹಾಕಿದವನು ಕರೆದರೆ ಬರುತ್ತಾನೋ, ಧೂಳು ತೊಳೆಯುವುದು ಯಾರು, ಮಂಗಗಳು ಬಂದು ಕುಣಿದಾಗ ಗಾಜು ಏನಾಯಿತು, ಜುಲೈ ತಿಂಗಳ ಜಡಿಮಳೆಯಲ್ಲಿ ಎಷ್ಟು ಯೂನಿಟ್ ಬಂತು ಎಂಬುದಕ್ಕೆ ಉತ್ತರ ಕಾಂಪೌಂಡಿನ ಆಚೆಯಿಂದಲೇ ಬರಬೇಕು.

ತಾರಸಿ ಎಂಬುದು ಖಾಲಿ ಜಾಗವೆಂದು ಎಣಿಸುವುದು ಯೋಜನೆ ರೂಪಿಸುವವರ ದೋಷ. ಬಟ್ಟೆ ಒಣಗುವುದು, ಬೇಸಗೆಯ ಹಪ್ಪಳ ಸಂಡಿಗೆ ಒಣಗುವುದು, ಮೆಣಸಿನಕಾಯಿ ಹರಡುವುದು, ಸಂಜೆ ಗಾಳಿಗೆ ಕೂರುವುದು, ಎಲ್ಲ ಅಲ್ಲಿಯೇ. ಮೂರು ಕಿಲೋವ್ಯಾಟ್‌ಗೆ 300 ಚದರಡಿ ಬಿಟ್ಟುಕೊಟ್ಟರೆ 30ಕ್ಕೆ 40ರ ನಿವೇಶನದ ಮನೆಯಲ್ಲಿ ಉಳಿಯುವುದು ಸ್ವಲ್ಪ. ಬಿಲ್ ಕಟ್ಟುವವರು ಸಾಮಾನ್ಯವಾಗಿ ಗಂಡಸರು, ತಾರಸಿಯನ್ನು ಹೆಚ್ಚಾಗಿ ಬಳಸುವವರು ಹೆಂಗಸರು ಆಗಿರುವ ಮನೆಗಳಲ್ಲಿ ಲಾಭವನ್ನು ಎಣಿಸುವವರೂ ಜಾಗವನ್ನು ಕಳೆದುಕೊಳ್ಳುವವರೂ ಒಬ್ಬರೇ ಆಗಿರುವುದಿಲ್ಲ. ಫಲಕಗಳನ್ನು ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ ಕೆಳಗೆ ನೆರಳಿನ ಜಾಗ ಉಳಿಸಿಕೊಳ್ಳುವ ವಿಧಾನ ಈಗ ಬಳಕೆಯಲ್ಲಿದೆ. ಅದರಿಂದ ಖರ್ಚು ಏರುತ್ತದೆ, ಆದರೆ ಮನೆಯೊಳಗಿನ ಒಪ್ಪಿಗೆ ಸುಲಭವಾಗುತ್ತದೆ.

ನೆರಳಿನ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಉತ್ತರಾರ್ಧಗೋಳದಲ್ಲಿರುವ ನಮ್ಮ ನಾಡಿನಲ್ಲಿ ಫಲಕಗಳು ದಕ್ಷಿಣಕ್ಕೆ ಮುಖಮಾಡಬೇಕು; ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಹೆಚ್ಚುಕಡಿಮೆ ಅಷ್ಟೇ ವಾಲಿಸಿದರೆ ಸಾಕು. ಆದರೆ ವಾಸ್ತುವಿನ ಪ್ರಕಾರ ನೀರಿನ ಟ್ಯಾಂಕು ನೈಋತ್ಯದ ಮೂಲೆಯಲ್ಲಿ ಎತ್ತರವಾಗಿ ನಿಂತಿರುತ್ತದೆ, ಚಳಿಗಾಲದ ಮಧ್ಯಾಹ್ನದ ಸೂರ್ಯ ಅದೇ ಮೂಲೆಯತ್ತ ಇಳಿಯುತ್ತಾನೆ, ಟ್ಯಾಂಕಿನ ನೆರಳು ಈಶಾನ್ಯದ ಕಡೆ ಚಾಚಿ ತಾರಸಿಯ ನಡುವೆ ಹಾಯುತ್ತದೆ. ಕರಾವಳಿಯಲ್ಲಾದರೆ ಟ್ಯಾಂಕಿನ ಬದಲು ತೆಂಗಿನ ಮರ. ಫಲ ಕೊಡುವ ತೆಂಗನ್ನು ಕಡಿಯಲು ಹಿರಿಯರು ಒಪ್ಪುವುದಿಲ್ಲ, ಒಪ್ಪಬೇಕೆಂದು ಹೇಳುವುದೂ ಕಷ್ಟ. ಗುತ್ತಿಗೆದಾರ ಅಳತೆ ತೆಗೆದು ಹೋದ ಮೇಲೆ ಎಷ್ಟೋ ಮನೆಗಳಲ್ಲಿ ವಿಚಾರ ಅಲ್ಲಿಗೇ ನಿಲ್ಲುತ್ತದೆ.

ಪರಿಸರದ ಕಾಳಜಿಗೆ ಈ ಎಲ್ಲದರ ನಡುವೆ ಯಾವ ಸ್ಥಾನ ಎಂಬ ಪ್ರಶ್ನೆ ಉಳಿಯುತ್ತದೆ. ಅದು ಸೋಗು ಎಂದು ತಳ್ಳಿಹಾಕುವುದು ಅನ್ಯಾಯ. ಲೆಕ್ಕ ಸರಿಹೊಂದಿದ ಮೇಲೆ, ಪಕ್ಕದ ಮನೆಯವರ ಅನುಭವ ಕೇಳಿದ ಮೇಲೆ, ಇನ್ನೂ ಅನುಮಾನಿಸುತ್ತಿರುವ ಕುಟುಂಬಕ್ಕೆ ಕಲ್ಲಿದ್ದಲು ಉಳಿಯುತ್ತದೆಂಬ ವಿಚಾರ ಒಂದು ಸಮಾಧಾನವನ್ನೂ, ನಾಲ್ಕು ಜನರ ಎದುರು ಹೇಳಿಕೊಳ್ಳಲು ಗೌರವದ ಕಾರಣವನ್ನೂ ಒದಗಿಸುತ್ತದೆ. ನಿವೃತ್ತಿಯ ಹಣ ಕೈಸೇರಿದ ಸರ್ಕಾರಿ ನೌಕರರು, ಮುಂದಿನ 20 ವರ್ಷಗಳ ಕರೆಂಟ್ ಬಿಲ್ಲಿನ ಚಿಂತೆಯನ್ನು ಒಂದೇ ಸಲಕ್ಕೆ ಮುಗಿಸಿಬಿಡುವ ನೆಮ್ಮದಿಗಾಗಿ ಹಾಕಿಸಿಕೊಳ್ಳುವುದೂ ಉಂಟು. ಆ ನೆಮ್ಮದಿಯನ್ನು ಯೂನಿಟ್ಟಿನ ದರದಲ್ಲಿ ಅಳೆಯಲಾಗದು.

ಈ ಯಾವ ಪ್ರೇರಣೆಯೂ ಬಾಡಿಗೆದಾರನ ಪಾಲಿಗೆ ಕೆಲಸ ಮಾಡುವುದಿಲ್ಲ. ಬಿಲ್ ಕಟ್ಟುವವನು ಅವನು, ತಾರಸಿ ಮಾಲೀಕನದು. ಮಾಲೀಕನಿಗೆ ಹಣ ಹೂಡುವ ಕಾರಣವಿಲ್ಲ, ಬಾಡಿಗೆದಾರನಿಗೆ ಹೂಡುವ ಹಕ್ಕಿಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ಇಕ್ಕಟ್ಟು ಇನ್ನೊಂದು ಬಗೆಯದು: ಅರವತ್ತು ಮನೆಗಳಿಗೆ ಒಂದೇ ತಾರಸಿ, ಅದರ ಮೇಲೆ ಎಲ್ಲರಿಗೂ ಹಕ್ಕಿದ್ದು ಯಾರೊಬ್ಬರಿಗೂ ಪೂರ್ತಿ ಹಕ್ಕಿಲ್ಲ, ಮೇಲಿನ ಅಂತಸ್ತಿನವರಿಗೆ ಸೋರಿಕೆಯ ಭಯ, ಕೆಳಗಿನವರಿಗೆ ತಮಗೇನು ಲಾಭವೆಂಬ ಅನುಮಾನ. ಸೂರ್ಯಘರ್ ಯೋಜನೆ ವಸತಿ ಸಂಘಗಳಿಗೆ ಸಾಮಾನ್ಯ ಸೌಲಭ್ಯಗಳ ಸಲುವಾಗಿ ಕಿಲೋವ್ಯಾಟ್‌ಗೆ 18,000 ರೂಪಾಯಿಯಂತೆ, ಒಟ್ಟು 500 ಕಿಲೋವ್ಯಾಟ್‌ವರೆಗೆ, ಸಹಾಯಧನ ಕೊಡುತ್ತದೆ. ಆದ್ದರಿಂದ ಸಂಘದ ಸಭೆಯಲ್ಲಿ ಒಮ್ಮತ ಮೂಡಿದ ಕಟ್ಟಡಗಳಲ್ಲಿ ಸೂರ್ಯನ ವಿದ್ಯುತ್ತು ಮೊದಲು ಸೇರುವುದು ಲಿಫ್ಟಿಗೆ, ಬೋರ್‌ವೆಲ್ ಮೋಟಾರಿಗೆ, ಮೆಟ್ಟಿಲ ದೀಪಗಳಿಗೆ ಮತ್ತು ನೆಲಮಾಳಿಗೆಯಲ್ಲಿ ಸ್ಕೂಟರ್ ಚಾರ್ಜ್ ಮಾಡುವ ಪ್ಲಗ್ಗುಗಳಿಗೆ; ತಿಂಗಳ ನಿರ್ವಹಣಾ ಶುಲ್ಕದಲ್ಲಿ ಅದರಿಂದ ಎಷ್ಟು ಇಳಿಯಿತು ಎಂಬುದೇ ಅಲ್ಲಿನ ಮನೆಗಳ ಮಟ್ಟಿಗೆ ಸೋಲಾರಿನ ಒಟ್ಟು ಲೆಕ್ಕ.